ಪೊಂಚಿ ಮೇಕೆ ಇನ್ನೂ ವಿಮಾನ ಹತ್ತಿಲ್ಲ

೧

ಇದನ್ನು ಎಲ್ಲಿಂದ ಶುರು ಮಾಡಲಿ? ಮಕ್ಕಳ ಪತ್ತೇದಾರಿ ಕಥೆ. ಒಂದು ಮೇಕೆ, ಒಂದು ಆಮೆ, ಒಂದು ವಿಮಾನ. ಇಂಥ ಕಥೆಯಲ್ಲಿ ಮೊದಲು ಏನಾದರೂ ಕಾಣೆಯಾಗಬೇಕು, ಆಮೇಲೆ ಯಾರಾದರೂ ಹುಡುಕಲು ಹೊರಡಬೇಕು ಎಂದು ಮೂವತ್ತು ವರ್ಷ ಮೂರನೇ ಕ್ಲಾಸಿನ ಮಕ್ಕಳಿಗೆ ನಾನೇ ಹೇಳಿಕೊಟ್ಟಿದ್ದೇನೆ. ತೊಂದರೆ ಏನೆಂದರೆ, ಈ ಸಲ ಕದ್ದವಳು ನಾನೇ.

(ಇದನ್ನು ಇಷ್ಟು ಬೇಗ ಹೇಳಬಾರದಿತ್ತು. ಕಳ್ಳರು ಕೊನೇ ಪುಟದಲ್ಲಿ ಸಿಗಬೇಕು. ಆದರೆ ನನ್ನೆದುರು ಕೂತಿರುವವಳಿಗೆ ಆಗಲೇ ಎಲ್ಲ ಗೊತ್ತು. ಅವಳಿಗೆ ಗೊತ್ತಿರುವುದನ್ನು ನಿಮ್ಮಿಂದ ಬಚ್ಚಿಟ್ಟು ನಾನು ಸಾಧಿಸುವುದೇನು?)

ಎದುರು ಕೂತಿರುವವಳು ಮನ್ಸಾ. ರಾಜಧಾನಿ ಅಕ್ರಾದಿಂದ ಎರಡು ಗಂಟೆ ದಾರಿಯ ನಮ್ಮ ಕಡಲೂರು ಸಾಲ್ಟ್‌ಪಾಂಡಿನ ವಾಚನಾಲಯದ ಎದುರು ಕೆಂಕೆ ಎಂಬ ಹುಳಿ ಮೆಕ್ಕೆಜೋಳದ ಉಂಡೆ ಮತ್ತು ಹುರಿದ ಮೀನು ಮಾರುವವಳು. ಭಾನುವಾರ ಮಧ್ಯಾಹ್ನ, ಚರ್ಚಿನಿಂದ ನೇರ ನನ್ನ ಮನೆಗೆ ಬಂದು, ತಲೆಗೆ ಕಟ್ಟಿದ ಬಟ್ಟೆಯನ್ನೂ ಬಿಚ್ಚದೆ ಕಿತ್ತಳೆ ಹೆರೆಯುತ್ತಿದ್ದಾಳೆ. ನಮ್ಮಿಬ್ಬರ ನಡುವೆ ಮೇಜಿನ ಮೇಲೆ ಒಂದು ನೀಲಿ ಲಕೋಟೆ. ಅದರೊಳಗಿನ ಕಾಗದ ಅವಳದು. ಅವಳಿಗೆ ಓದಲು ಬರುವುದಿಲ್ಲ, ಅವಳ ಕಾಗದಗಳನ್ನೆಲ್ಲ ನಾನೇ ಓದಿ ಹೇಳುವುದು. ಇದೊಂದನ್ನು ಮೂರು ವಾರದಿಂದ ಓದಿ ಹೇಳಿಲ್ಲ. ನಾಳೆ ಸಂಜೆಯೊಳಗೆ ಉತ್ತರ ಹೋಗಬೇಕು. ಹೋಗದಿದ್ದರೆ ಅದರಲ್ಲಿ ಬರೆದಿರುವುದೆಲ್ಲ ದಂಡ.

ನಾನು ಓದಲು ಕೈ ಚಾಚಿದೆ. ಅವಳು ಚಾಕುವಿನ ಹಿಡಿಯಿಂದ ಲಕೋಟೆಯನ್ನು ಒತ್ತಿ ಹಿಡಿದಳು.

"ಮೊದ್ಲು ಕಥೆ ಮುಗಿಸಿ ಟೀಚರ್. ಆಮೇಲೆ ಕಾಗದ."

"ಕಥೆ ಎಲ್ಲಿಗೆ ಓಡಿಹೋಗುತ್ತೆ? ನಾಳೆ ಕೊನೇ ದಿನ ಕಣೇ."

"ನೀವು ಮೂರು ವಾರ ಇಟ್ಕೊಂಡಿದ್ರಿ. ನಾನು ಒಂದು ಮಧ್ಯಾಹ್ನ ಇಟ್ಕೋತೀನಿ. ಬರೀರಿ."

ಅದಕ್ಕೇ ಬರೆಯುತ್ತಿದ್ದೇನೆ. ಬಾಯಿಬಿಟ್ಟು ಓದಿಕೊಳ್ಳದೆ ನನಗೆ ಒಂದು ಸಾಲೂ ಬರೆಯಲಾಗುವುದಿಲ್ಲ. ಆದ್ದರಿಂದ ನೀವು ಓದುವುದನ್ನೆಲ್ಲ ಅವಳು ನಿಮಗಿಂತ ಮೊದಲೇ ಕೇಳಿಸಿಕೊಳ್ಳುತ್ತಿದ್ದಾಳೆ.

೨

ಮೊದಲ ಕರಡು. ಹರಿದು ಹಾಕಿದ್ದೇನೆ, ಆದರೂ ನೋಡಿ:

'ಒಂದು ಚಳಿದೇಶದ ಕೋಟೆಯಲ್ಲಿ ರಾಣಿಯ ಮುತ್ತಿನ ಹಾರ ಕಾಣೆಯಾಯಿತು. ಆ ದೇಶದ ಪತ್ತೇದಾರರೆಲ್ಲ ಕೈಚೆಲ್ಲಿದರು. ಆಗ ರಾಣಿಗೆ ಸಾಲ್ಟ್‌ಪಾಂಡಿನ ಪತ್ತೇದಾರರಾದ ಪೊಂಚಿ ಮೇಕೆಯೂ ಚೆಚೆ ಆಮೆಯೂ ನೆನಪಾದರು...'

ಇಷ್ಟು ಬರೆಯುವ ಹೊತ್ತಿಗೆ ಚೆಚೆ ಚಿಪ್ಪಿನಿಂದ ತಲೆ ಹೊರಗೆ ಹಾಕಿದ.

"ಟೀಚರ್, ಆ ಕೋಟೆ ಹೆಂಗಿದೆ?"

"ದೊಡ್ಡದಾಗಿದೆ."

"ನೀವು ನೋಡಿದೀರಾ?"

"ಕ್ಯಾಲೆಂಡರಲ್ಲಿ ನೋಡಿದೀನಿ."

"ಯಾವ ತಿಂಗಳು?"

"ಫೆಬ್ರವರಿ."

"ಮತ್ತೆ ನಾವು ಮಾರ್ಚಲ್ಲಿ ಹೋಗಿ ಇಳಿದ್ರೆ ಏನ್ ಮಾಡ್ತೀರಿ?"

ಪೊಂಚಿಯದು ಬೇರೆಯದೇ ತಕರಾರು. ಅವಳು ವಿಮಾನದ ಒಳಗೆ ಕೂರುವುದಿಲ್ಲವಂತೆ. "ನಮ್ಮಮ್ಮ ನಮ್ಮಜ್ಜಿ ಎಲ್ಲಾ ಟ್ರೋಟ್ರೋ ವ್ಯಾನಿನ ಟಾಪ್ ಮೇಲೇ ಕೂತು ಊರೂರು ತಿರುಗಿದೋರು. ಒಳಗೆ ಕೂರೋದು ಮನುಷ್ಯರು, ಅವರಿಗೆ ಗಾಳಿ ಆಗಿಬರಲ್ಲ."

ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ. ನಾನು ದೇಶದ ಗಡಿ ದಾಟಿದವಳಲ್ಲ. ಒಮ್ಮೆ ಅತ್ತಿಗೆಯ ತಂಗಿಯ ಸಾವಿಗೆಂದು ಗಡಿಯೂರಿನವರೆಗೆ ಹೋಗಿದ್ದೆ. ಗೇಟಿನ ಆಚೆ ಟೋಗೋ ದೇಶ ಕಾಣುತ್ತಿತ್ತು, ಅಲ್ಲೊಬ್ಬ ಬ್ರೆಡ್ ಮಾರುತ್ತಿದ್ದ, ನಮ್ಮೂರಿನ ಬ್ರೆಡ್ಡಿನಂತೆಯೇ ಇತ್ತು. ಅಷ್ಟೇ ನನ್ನ ವಿದೇಶ. ಈ ಮೇಕೆಗೆ ನೋಡಿದರೆ ಪಾಸ್‌ಪೋರ್ಟ್ ಬೇಡ, ವೀಸಾ ಕ್ಯೂ ಬೇಡ, ನನ್ನ ಪೆನ್ನಿನ ಒಂದು ಗೀಟು ಸಾಕು. ನಾನೇ ಹುಟ್ಟಿಸಿದ ಮೇಕೆಯ ಮೇಲೆ ನನಗೆ ಹೊಟ್ಟೆಕಿಚ್ಚು. ಇನ್ನು ಮನುಷ್ಯರ ಮೇಲೆ ಎಷ್ಟಿರಬೇಡ, ನೀವೇ ಲೆಕ್ಕ ಹಾಕಿ.

೩

ನನ್ನ ಹೆಸರು ಎಸಾಬಾ ಆರ್ಕೋಫುಲ್. ರಿಟೈರ್ ಆದ ಮೇಲೆ ಹನ್ನೊಂದು ವರ್ಷದಿಂದ ಪ್ರತಿ ಶನಿವಾರ ವಾಚನಾಲಯದಲ್ಲಿ ಮಕ್ಕಳಿಗೆ ನಾನೇ ಬರೆದ ಕಥೆ ಹೇಳುತ್ತೇನೆ. "ಈಗ ಹೇಳೋದು ಯಾವತ್ತೂ ಆಗಿದ್ದಲ್ಲ" ಎಂದು ನಾನು ಶುರು ಮಾಡಬೇಕು. "ಆಗದೇ ಇದ್ರೂ ಕೊಡಿ, ಜೋಪಾನ ಮಾಡ್ತೀವಿ" ಎಂದು ಮಕ್ಕಳು ಕೂಗಬೇಕು. ಅಲ್ಲಿಂದ ಮುಂದೆ ಕಥೆ ನನ್ನದು.

ನನ್ನದು ಎಂದೆನೇ? ತಪ್ಪಾಯಿತು. ನಮ್ಮ ಫಾಂಟೆ ಜನರಲ್ಲಿ ಕಥೆ ಕೇಳುವವರು ಹೇಳುವವರನ್ನು ತಡೆಯಬಹುದು. "ನಿಲ್ಸಿ! ಆ ದಿನ ನಾನೂ ಅಲ್ಲಿದ್ದೆ!" ಎಂದು ಯಾರಾದರೂ ಎದ್ದು ನಿಂತು ಹಾಡು ಎತ್ತುತ್ತಾರೆ, ಉಳಿದವರು ಚಪ್ಪಾಳೆ ತಟ್ಟಿ ದನಿಗೂಡಿಸುತ್ತಾರೆ. ಹಾಡು ಮುಗಿಯುವವರೆಗೆ ಹೇಳುವವಳು ಬಾಯಿ ಮುಚ್ಚಿಕೊಂಡಿರಬೇಕು. ಹಾಡಿನಲ್ಲಿ ತನ್ನನ್ನೇ ಆಡಿಕೊಂಡರೂ ಮುಖ ಗಂಟಿಕ್ಕುವಂತಿಲ್ಲ, ತಾನೂ ಚಪ್ಪಾಳೆ ತಟ್ಟಬೇಕು. ಮುಗಿದ ಮೇಲೆ ಕಥೆಯನ್ನು ಬಿಟ್ಟಲ್ಲಿಂದ ಎತ್ತಿಕೊಳ್ಳಬೇಕು. ಎತ್ತಿಕೊಳ್ಳದೆ ಹೋದರೆ ಹಾಡಿದವರನ್ನು ಎಲ್ಲರೆದುರು ಕೈಬಿಟ್ಟ ಹಾಗೆ.

ನನ್ನನ್ನು ತಡೆಯುವವಳು ಮನ್ಸಾ. ಹನ್ನೊಂದು ವರ್ಷದಿಂದ ಅವಳೇ.

ವಾರವಿಡೀ ತಲೆ ಕೆಡಿಸಿಕೊಂಡು ಬರೆಯುವುದು ನಾನು. ಸಾಲು ಹೊಡೆದು, ಮತ್ತೆ ಬರೆದು, ಮತ್ತೆ ಹೊಡೆದು. ಇವಳು ಶನಿವಾರ ಕೈಯಲ್ಲಿನ ಮೀನಿನ ಎಣ್ಣೆ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ, ಬಾಯಿ ತೆರೆಯುತ್ತಾಳೆ, ಅಷ್ಟೇ, ಎಲ್ಲ ಮಕ್ಕಳೂ ಅವಳ ಕಡೆ. ಅದೋವಾ ಎಂಬ ಒಂದು ಪುಟ್ಟಿ ಇದ್ದಾಳೆ, ಮುಂದಿನ ಸಾಲಿನಲ್ಲೇ ಕೂರುವವಳು. ಒಂದು ದಿನ ಅವಳು ನನ್ನ ಬಟ್ಟೆಯ ಅಂಚು ಜಗ್ಗಿ ಕೇಳಿದಳು: "ಟೀಚರ್, ಮುಂದಿನ ವಾರ ಯಾವ ಹಾಡು?" ಯಾವ ಕಥೆ ಎಂದು ಕೇಳಲಿಲ್ಲ. ಆ ರಾತ್ರಿ ನಾನು ಊಟ ಬಿಟ್ಟೆ ಎಂದರೆ ನೀವು ನಗುತ್ತೀರಿ. ನಗಿ.

("ಯಾವಾಗ ಊಟ ಬಿಟ್ರಿ?" ಎಂದು ಮನ್ಸಾ ಈಗ ಕೇಳುತ್ತಿದ್ದಾಳೆ. "ಮರುದಿನ ಬಂದು ಮೂರು ಕೆಂಕೆ ತಿಂದ್ರಿ, ಅವತ್ತೇನಾ?" ಹೌದು, ಅವತ್ತೇ.)

ಆರು ತಿಂಗಳ ಹಿಂದೆ ಸ್ಕಾಟ್ಲೆಂಡಿನಿಂದ ಬಂದಿದ್ದ ಹೆಂಗಸೊಬ್ಬರು ಹಿಂದಿನ ಬೆಂಚಿನಲ್ಲಿ ಕೂತು ಫೋನಿನಲ್ಲಿ ವಿಡಿಯೋ ತೆಗೆದರು. ಮೂರು ನಿಮಿಷದ ವಿಡಿಯೋ. ಊರೆಲ್ಲ ನೋಡಿತು. ಮನ್ಸಾ ಹಾಡುತ್ತಾಳೆ, ಮಕ್ಕಳು ಕುಣಿಯುತ್ತಾರೆ, ಬಾಗಿಲಾಚೆ ಹೋಗುತ್ತಿದ್ದ ನಾಯಿ ಕೂಡ ನಿಂತು ನೋಡುತ್ತದೆ. ಎಡಗಡೆ ಅಂಚಿನಲ್ಲಿ ಒಂದು ಮೊಣಕೈ ಇದೆ. ಅದು ನನ್ನದು. ನಾಯಿಯಾದರೂ ಪೂರ್ತಿ ಬಂದಿದೆ.

೪

ಕಾಗದ ಬಂದದ್ದು ಒಂದು ಮಂಗಳವಾರ.

ಮಂಗಳವಾರ ನಮ್ಮೂರಿನಲ್ಲಿ ಯಾರೂ ಸಮುದ್ರಕ್ಕಿಳಿಯುವುದಿಲ್ಲ. ಆ ದಿನ ಸಮುದ್ರಕ್ಕೆ ಬಿಡುವು. ದೋಣಿಗಳು ಮರಳಿನ ಮೇಲೆ, ಗಂಡಸರು ಬಲೆ ಹೊಲಿಯುತ್ತ, ಮೀನು ಮಾರುವ ಹೆಂಗಸರು ಮನೆಯಲ್ಲಿ. ರಸ್ತೆ ಬದಿ ಖಾಲಿ. ಅದಕ್ಕೇ ಮಂಗಳವಾರ ನಾನು ವಾಚನಾಲಯದ ಬೀಗ ತೆಗೆದು ಒಬ್ಬಳೇ ಕೂತು ಬರೆಯುವುದು, ಗಟ್ಟಿಯಾಗಿ ಓದಿಕೊಳ್ಳುವುದು.

ಬೈಕಿನವನು ಬಂದ, ನನ್ನ ಸಹಿ ಹಾಕಿಸಿಕೊಂಡು ಹೋದ. ಲಕೋಟೆಯ ಮೇಲೆ ದೊಡ್ಡದಾಗಿ ಮನ್ಸಾಳ ಹೆಸರು. ಕೆಳಗೆ ಸಣ್ಣದಾಗಿ ನನ್ನ ಹೆಸರು, 'ಇವರ ಮೂಲಕ' ಎಂದು. ವಿಡಿಯೋದಲ್ಲಿ ಮೊಣಕೈ, ಕಾಗದದಲ್ಲಿ ಮೂಲಕ.

ಒಡೆದು ಓದಿದೆ. ವಿಡಿಯೋ ತೆಗೆದ ಆ ಹೆಂಗಸಿನ ಊರಿನಲ್ಲಿ ಮಕ್ಕಳ ಕಥೆಗಳ ಹಬ್ಬವಂತೆ. ಕಥೆಯನ್ನು ತಡೆದು ಹಾಡುವ ಮನ್ಸಾ ಅವರು ಬಂದು ಹನ್ನೆರಡು ದಿನ ಇರಬೇಕಂತೆ, ವಿಮಾನದ ಟಿಕೆಟ್ಟು, ಉಳಿಯಲು ಕೋಣೆ, ಹಾಕಿಕೊಳ್ಳಲು ಉಣ್ಣೆಯ ಕೋಟು ಎಲ್ಲ ಅವರೇ ಕೊಡುತ್ತಾರಂತೆ. ವೀಸಾ ಕೇಳಲು ಈ ಕಾಗದವೇ ಬೇಕಂತೆ. ಇಂಥ ತಾರೀಖಿನೊಳಗೆ ಒಪ್ಪಿಗೆ ತಿಳಿಸಬೇಕಂತೆ.

ಸುಳ್ಳು ಹೇಳುವುದಿಲ್ಲ. ಸಂತೋಷ ಎಂಬುದು ಒಂದು ಚೂರಾದರೂ ಆಯಿತೇ ಎಂದು ಹುಡುಕಿ ನೋಡಿದೆ, ಆಗಲಿಲ್ಲ. ಕಥೆ ಯಾರದು? ತಡೆಯಲು ಕಥೆಯೇ ಇಲ್ಲದಿದ್ದರೆ ಇವಳೇನು ಗಾಳಿಯನ್ನು ತಡೆಯುತ್ತಿದ್ದಳೇ?

ಬಾಗಿಲಿಗೆ ಬಂದು ರಸ್ತೆಯ ಎರಡೂ ಕಡೆ ನೋಡಿದೆ. ಮಂಗಳವಾರ. ಯಾರೂ ಇಲ್ಲ. ಮನೆಗೆ ಬಂದು ಟ್ರಂಕು ತೆಗೆದೆ. ವಾಚನಾಲಯದ ವಾರ್ಷಿಕೋತ್ಸವಕ್ಕೆಂದು ಮನ್ಸಾಳೂ ನಾನೂ ಒಂದೇ ಥಾನಿನಿಂದ ಕತ್ತರಿಸಿಕೊಂಡ ಬಟ್ಟೆ, ಇನ್ನೂ ಹೊಲಿಸಿರಲಿಲ್ಲ. ಅದರ ಮಡಿಕೆಯೊಳಗೆ ಲಕೋಟೆ ಇಟ್ಟೆ. ನಾಳೆ ಹೇಳೋಣ ಎಂದುಕೊಂಡೆ. ನಾಳೆ ಎನ್ನುವುದು ಎಷ್ಟು ಒಳ್ಳೆಯದೆಂದರೆ, ಯಾವತ್ತೂ ಮುಗಿಯುವುದಿಲ್ಲ.

೫

ಎರಡನೇ ಕರಡು. ಇದನ್ನು ಬರೆದದ್ದು ಅದರ ಮುಂದಿನ ಮಂಗಳವಾರ. ಓದುವಾಗ ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಇಟ್ಟುಕೊಳ್ಳಬೇಡಿ.

ಇದರಲ್ಲಿ ಪೊಂಚಿ ಮೇಕೆ ಒಬ್ಬಳೇ ವಿದೇಶಕ್ಕೆ ಹೋಗುತ್ತಾಳೆ. ಚೆಚೆ ಮನೆಯಲ್ಲಿ. ಏರ್‌ಪೋರ್ಟಿನಲ್ಲಿ ಇಳಿಯುತ್ತಲೇ ಅವಳ ಚೀಲ ಕಳೆದುಹೋಗುತ್ತದೆ. ಚಳಿಗೆ ಗಡ್ಡ ಹೆಪ್ಪುಗಟ್ಟುತ್ತದೆ. ಅಲ್ಲಿನ ಹುಲ್ಲು ರಬ್ಬರಿನ ಹಾಗೆ. ಪತ್ತೆ ಮಾಡಬೇಕಾದ ಕಳ್ಳ ಅವಳ ಕಾಲಕೆಳಗೇ ಹಾದುಹೋದರೂ ಕಾಣುವುದಿಲ್ಲ. ರಾಣಿ "ನಾವು ಕರೆದದ್ದು ಬೇರೆ ಮೇಕೆಯನ್ನು" ಎನ್ನುತ್ತಾಳೆ. ಮಕ್ಕಳು ನಗುತ್ತಾರೆ. ಈ ಕೊನೆಯ ಸಾಲು ಬರೆದಾಗ ನನಗೆ ಎಷ್ಟು ಹಾಯೆನಿಸಿತೆಂದರೆ ಎದ್ದು ಹೋಗಿ ಟೀ ಮಾಡಿಕೊಂಡೆ.

ವಾಪಸ್ ಬಂದರೆ ಪೊಂಚಿ ಕಾಗದದ ಮೇಲೆ ಕೂತು ಅಳುತ್ತಿದ್ದಳು.

"ನಾನೇನು ಮಾಡಿದ್ದೆ ನಿಮಗೆ?"

"ಕಥೆ ಅಂದ್ರೆ ಕಷ್ಟ ಬರ್ಲೇಬೇಕು."

"ಕಷ್ಟ ಬರ್ಲಿ. ಆದ್ರೆ ನಿಮಗೆ ಯಾಕೆ ಖುಷಿ ಆಗ್ತಿದೆ?"

ನಾನು ಚೆಚೆ ಕಡೆ ತಿರುಗಿದೆ. ಆಮೆ ಎಂದರೆ ನನ್ನ ಪಕ್ಷ, ನಿಧಾನ, ವಿಚಾರವಂತ, ವಯಸ್ಸಾದವನು. ಅವನು ಚಿಪ್ಪಿನೊಳಗಿಂದಲೇ ಮಾತಾಡಿದ.

"ಟೀಚರ್, ನನ್ನನ್ನ ಮನೇಲಿ ಬಿಟ್ಟಿದ್ದೀರಲ್ಲ, ನಾನು ಮನೇಲಿ ಕೂತು ಏನ್ ಮಾಡ್ತಿದ್ದೀನಿ ಅಂತ ಒಂದು ಸಾಲೂ ಬರ್ದಿಲ್ಲ."

"ಏನ್ ಮಾಡ್ತೀಯ? ಸುಮ್ನೆ ಕೂತಿದೀಯ."

"ಸುಮ್ನೆ ಅಲ್ಲ. ಅವಳು ಸೋತು ಬರ್ಲಿ ಅಂತ ಕಾಯ್ತಾ ಕೂತಿದೀನಿ. ಅದನ್ನೂ ಬರೀರಿ."

ಬರೆಯಲಿಲ್ಲ. ಹರಿದು ಹಾಕಿದೆ.

೬

ಈ ಭಾಗದಲ್ಲಿ ಮನ್ಸಾಳಿಗೆ ಒಂದೂವರೆ ಪುಟ ಬೈದಿದ್ದೆ. ಈಗ ಗಟ್ಟಿಯಾಗಿ ಓದಬೇಕಾಗಿ ಬಂದಿದ್ದರಿಂದ ಹೊಡೆದು ಹಾಕಿದ್ದೇನೆ. "ಓದಿ ಪರವಾಗಿಲ್ಲ" ಎನ್ನುತ್ತಿದ್ದಾಳೆ. ಅವಳಿಗೆ ಪರವಾಗಿಲ್ಲದಿರಬಹುದು.

೭

ಮೂರನೇ ಕರಡು. ನಿನ್ನೆ ಶನಿವಾರಕ್ಕೆಂದು ಈ ಮಂಗಳವಾರ ಬರೆದದ್ದು.

ಹಾರವೂ ಬೇಡ, ರಾಣಿಯೂ ಬೇಡ ಎಂದುಕೊಂಡೆ. ಏನು ಕಾಣೆಯಾಗಲಿ ಎಂದು ಪೆನ್ನು ಹಿಡಿದು ಕೂತರೆ ಕೈ ತಾನಾಗಿ ಬರೆಯಿತು: 'ಒಂದು ಗಿನಿಕೋಳಿಗೆ ದೂರದೇಶದಿಂದ ಬರಬೇಕಾದ ಕಾಗದ ಬರಲಿಲ್ಲ.' ಬರೆದ ಮೇಲೆ ಎದ್ದು ಹೋಗಿ ಬಾಗಿಲು ಹಾಕಿ ಬಂದೆ. ಆದರೆ ಸಾಲು ಚೆನ್ನಾಗಿತ್ತು. ಚೆನ್ನಾಗಿರುವ ಸಾಲನ್ನು ಹೊಡೆದು ಹಾಕುವಷ್ಟು ಒಳ್ಳೆಯವಳಲ್ಲ ನಾನು. ಕೊನೆಯಲ್ಲಿ ಕಳ್ಳತನವನ್ನು ಒಂದು ಕಾಗೆಯ ತಲೆಗೆ ಕಟ್ಟಿದರಾಯಿತು, ಕಾಗೆಯ ಪರವಾಗಿ ಕೇಳುವವರು ಯಾರು?

ನನ್ನ ಯೋಜನೆ ಹೀಗಿತ್ತು. ಪತ್ತೇದಾರರು ವಿಮಾನ ಹತ್ತಿ ಕಾಗದ ಕಳಿಸಿದವರ ದೇಶಕ್ಕೆ ಹೋಗುತ್ತಾರೆ, ಅಂಚೆ ಕಚೇರಿ, ಹಡಗುಕಟ್ಟೆ, ಮಂಜಿನ ಬೆಟ್ಟ ಎಲ್ಲ ಸುತ್ತುತ್ತಾರೆ. ಎಷ್ಟು ದೂರ ಹೋದರೆ ಅಷ್ಟು ಒಳ್ಳೆಯದು. ನನ್ನ ಟ್ರಂಕಿನಿಂದ ಅಷ್ಟು ದೂರ.

ಆದರೆ ಅಕ್ರಾದ ವಿಮಾನ ನಿಲ್ದಾಣಕ್ಕೆ ಬಂದವರು ಅಲ್ಲೇ ನಿಂತುಬಿಟ್ಟರು.

"ಹತ್ತಿ" ಎಂದೆ.

"ಯಾಕೆ?" ಎಂದ ಚೆಚೆ. "ಕಳಿಸಿದೋರು ಕಳಿಸಿದ್ದಾರೆ. ಕಾಗದ ಹೊರಟ ಊರಲ್ಲಿ ಹುಡುಕೋದಾ, ಬಂದು ಸೇರಿದ ಊರಲ್ಲಿ ಹುಡುಕೋದಾ?"

"ಮಕ್ಕಳಿಗೆ ವಿದೇಶ ಬೇಕು ಕಣೋ."

"ಮಕ್ಕಳಿಗೋ, ನಿಮಗೋ?" ಎಂದಳು ಪೊಂಚಿ. "ಟೀಚರ್, ನನ್ನ ಮೂಗು ಏನ್ ಹೇಳ್ತಿದೆ ಗೊತ್ತಾ? ಹೊಸ ಬಟ್ಟೆ ವಾಸನೆ. ಗಂಜಿ ಹೋಗದೇ ಇರೋ, ಇನ್ನೂ ಹೊಲಿಸದೇ ಇರೋ ಬಟ್ಟೆ."

ಮೇಕೆಗೆ ಮೂಗು ಕೊಟ್ಟವಳು ನಾನೇ. ಯಾಕಾದರೂ ಕೊಟ್ಟೆನೋ! ನೋಟ್‌ಬುಕ್ ಮುಚ್ಚಿದೆ. ಉಳಿದದ್ದನ್ನು ಶನಿವಾರ ಮಕ್ಕಳ ಮುಂದೆ ಬಾಯಲ್ಲೇ ಹೇಳಿ ವಿಮಾನ ಹತ್ತಿಸಿಬಿಡುತ್ತೇನೆ, ಮಕ್ಕಳ ಮುಂದೆ ಇವು ಎದುರಾಡುವುದಿಲ್ಲ ಎಂದುಕೊಂಡೆ.

೮

ನಿನ್ನೆ ಶನಿವಾರ ವಾಚನಾಲಯ ತುಂಬಿತ್ತು. ಮನ್ಸಾ ಎಂದಿನಂತೆ ಬಾಗಿಲಲ್ಲಿ. ನಾನು ಅವಳ ಮುಖ ನೋಡದೆ ಕಥೆ ಹೇಳಿದೆ. ಗಿನಿಕೋಳಿಯ ಕಾಗದ ಕಾಣೆಯಾಯಿತು, ಮಕ್ಕಳು ಅಯ್ಯೋ ಎಂದರು. ಪತ್ತೇದಾರರು ಅಕ್ರಾಕ್ಕೆ ಹೋದರು, ಮಕ್ಕಳು ಚಪ್ಪಾಳೆ ತಟ್ಟಿದರು. "ಪೊಂಚಿ ವಿಮಾನದ ಮೆಟ್ಟಿಲ ಹತ್ತಿರ ಬಂದಳು" ಎಂದು ಹೇಳಿ ಒಮ್ಮೆ ಉಸಿರು ತೆಗೆದುಕೊಂಡೆ.

"ನಿಲ್ಸಿ ಟೀಚರ್! ಆ ದಿನ ನಾನೂ ಅಲ್ಲಿದ್ದೆ!"

ಮಕ್ಕಳು ಓ ಎಂದು ಕೂಗಿದರು. ಇದಕ್ಕೇ ಕಾಯುತ್ತಿದ್ದರು. ಮನ್ಸಾ ನಡುವೆ ಬಂದು ನಿಂತಳು, ನನ್ನ ಕಡೆ ತಿರುಗಿ, ಯಾವತ್ತೂ ಇಲ್ಲದಷ್ಟು ಮೆಲ್ಲಗೆ ಹಾಡು ಎತ್ತಿದಳು:

ಮಂಗಳವಾರ ದೋಣಿಯಿಲ್ಲ, ಮೀನಿಲ್ಲ, ಬುಟ್ಟಿಯಿಲ್ಲ,
ಕಿಟಕಿ ಕೆಳಗೆ ಮನ್ಸಾ ಇದ್ಲು, ಯಾರಿಗೂ ಗೊತ್ತಿಲ್ಲ.
ಕೆಂಪು ಬೈಕು ಬಂತು, ನೀಲಿ ಕಾಗದ ತಂತು,
ನೀರು ಕೇಳ್ದ, ಕೊಟ್ಟೆ, ನೋಡ್ದೆ, ನನ್ನ ಹೆಸರೇ ಇತ್ತು.
ಐದು ಅಕ್ಷರ ಕಲಿಸ್ದೋಳೆ, ಕಾಗದ ಎಲ್ಲಿಟ್ಟೆ?
ಮೇಕೆ ಯಾಕೆ ದೂರ ಹೋಗ್ಲಿ, ಹತ್ರಾನೇ ಇದ್ರೆ ಆ ಬಟ್ಟೆ?

"ಯಾರಿಗೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ" ಎಂದು ಮಕ್ಕಳು ದನಿಗೂಡಿಸಿದರು. ಅವರಿಗೆ ಅದೊಂದು ಹಾಡು. ನನ್ನ ಕೈಗಳೂ ಚಪ್ಪಾಳೆ ತಟ್ಟುತ್ತಿದ್ದವು. ತಟ್ಟಲೇಬೇಕಲ್ಲ.

ಐದು ಅಕ್ಷರ. ಏಳು ವರ್ಷದ ಹಿಂದೆ ಚರ್ಚಿನ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಲು ನಾಚಿಕೆ ಎಂದು ಬಂದವಳಿಗೆ ಅವಳ ಹೆಸರಿನ ಐದು ಇಂಗ್ಲಿಷ್ ಅಕ್ಷರಗಳನ್ನು ನಾನೇ ಕಲಿಸಿದ್ದೆ, ಕೈ ಹಿಡಿದು, ಹಳೇ ಸ್ಲೇಟಿನ ಮೇಲೆ. ಅವಳಿಗೆ ಓದಲು ಬರುವುದು ಲೋಕದಲ್ಲಿ ಅದೊಂದೇ ಶಬ್ದ. ಅದನ್ನು ನಾನು ಮರೆತಿದ್ದೆ.

ಹಾಡು ನಿಂತಿತು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಬಾಯಿ ತೆರೆದೆ. ವಿಮಾನವಿಲ್ಲ, ಮೇಕೆಯಿಲ್ಲ, ಆಮೆಯಿಲ್ಲ, ಏನೂ ಇಲ್ಲ.

"ಟೀಚರ್, ಎತ್ಕೊಳ್ಳಿ" ಎಂದಳು ಅದೋವಾ. ಆಮೇಲೆ ಎಲ್ಲ ಮಕ್ಕಳೂ: "ಎತ್ಕೊಳ್ಳಿ! ಎತ್ಕೊಳ್ಳಿ!" ಮನ್ಸಾ ಕೈಕಟ್ಟಿ ನಡುವೆ ನಿಂತೇ ಇದ್ದಳು. ಹಾಡಿದವಳು ಕಥೆ ಮುಂದುವರಿಯುವ ತನಕ ಕೂರುವಂತಿಲ್ಲ.

"ಇವತ್ತಿಗೆ ಇಷ್ಟೇ" ಎಂದು ಹೇಳಿ ನಾನು ಹಿಂಬಾಗಿಲಿನಿಂದ ಹೊರಟುಹೋದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ, ಅವಳು ಕೊಟ್ಟದ್ದನ್ನು ನೆಲಕ್ಕೆ ಬಿಟ್ಟು ಬಂದೆ.

೯

ಇವತ್ತು ಅವಳು ಬಂದಾಗ ನಾನೇ ಟ್ರಂಕು ತೆಗೆದು ಲಕೋಟೆ ತಂದು ಮೇಜಿನ ಮೇಲಿಟ್ಟೆ. ಬೈಯುತ್ತಾಳೆ ಎಂದು ಕಾದೆ. ಅವಳು ಕಿತ್ತಳೆ ತೆಗೆದಳು.

"ಮಂಗಳವಾರ ನಿನಗೆ ಅಲ್ಲೇನು ಕೆಲಸ?" ಎಂದು ನಾನೇ ಕೇಳಿದೆ. ಸಿಕ್ಕಿಬಿದ್ದವರಿಗೆ ಸಿಟ್ಟು ಜಾಸ್ತಿ, ನೋಡಿ. "ಮೀನಿಲ್ಲದ ದಿನ ರಸ್ತೇಲಿ ಯಾಕೆ ಬಂದು ಕೂರ್ತೀಯ?"

"ರಸ್ತೇಲಿ ಎಲ್ಲಿ ಕೂತೆ? ಕಿಟಕಿ ಕೆಳಗೆ ಕೂತಿದ್ದೆ. ಪ್ರತೀ ಮಂಗಳವಾರ ಕೂರ್ತೀನಿ."

"ಪ್ರತೀ ಮಂಗಳವಾರ?"

"ನೀವು ಗಟ್ಟಿಯಾಗಿ ಓದ್ಕೋತೀರಲ್ಲ, ಅದನ್ನ ಕೇಳೋಕೆ. ಮತ್ತೆ ಶನಿವಾರ ಎಲ್ಲಿ ತಡೀಬೇಕು ಅಂತ ನನಗೆ ಹೆಂಗೆ ಗೊತ್ತಾಗುತ್ತೆ? ಕಂಡಕಂಡಲ್ಲಿ ತಡೆದ್ರೆ ಕಥೆ ಕಾಲು ಮುರ್ಕೊಳ್ಳುತ್ತೆ. ನೀವು ಉಸಿರು ತಗೊಳ್ಳೋ ಜಾಗ ಹುಡುಕ್ಬೇಕು. ಅಲ್ಲಿಗೆ ಸರಿಹೋಗೋ ಹಾಡು ಕಟ್ಬೇಕು. ಒಂದೊಂದು ಸಲ ಬುಧವಾರ ಗುರುವಾರ ಎಲ್ಲಾ ಅದೇ ಆಗುತ್ತೆ, ಮೀನು ಸೀದುಹೋಗುತ್ತೆ, ಗಿರಾಕಿಗಳು ಬೈತಾರೆ."

ನಾನು ಅಂದುಕೊಂಡಿದ್ದೆ ಅವಳಿಗೆ ಅದು ಪುಕ್ಕಟೆ ಬಂದದ್ದೆಂದು. ಬಾಯಿ ತೆರೆದರೆ ಬೀಳುವುದೆಂದು. ಹನ್ನೊಂದು ವರ್ಷ ನಾನು ಒಬ್ಬಳೇ ಬರೆಯುತ್ತಿದ್ದೇನೆಂದು ಅಂದುಕೊಂಡಿದ್ದ ಒಂದೊಂದು ಮಂಗಳವಾರವೂ ಗೋಡೆಯ ಆಚೆ ಒಬ್ಬಳು ಮಂಡಿ ಮೇಲೆ ಗಲ್ಲವಿಟ್ಟುಕೊಂಡು ನನ್ನ ಉಸಿರು ಕೇಳುತ್ತ ಕೂತಿದ್ದಳು.

"ಕಾಗದ ನೋಡಿದ ದಿನವೇ ಬಂದು ಕೇಳಬಹುದಿತ್ತಲ್ಲೇ" ಎಂದೆ.

"ಓದೋದು ನಿಮ್ಮ ಕೆಲಸ. ಇವತ್ತು ಓದ್ತೀರಿ, ನಾಳೆ ಓದ್ತೀರಿ ಅಂತ ಕಾದೆ. ಎರಡನೇ ವಾರ ಆ ಮೇಕೇನ ಚಳೀಲಿ ಸಾಯಿಸ್ತಿದ್ರಲ್ಲ, ಆವಾಗ ಮನೆಗೆ ಹೋಗಿ ಅತ್ತೆ. ಆ ಮೇಕೆ ನಾನೇ ಅಂತ ಗೊತ್ತಾಯ್ತು." ಅವಳು ಕಿತ್ತಳೆಯ ನೆತ್ತಿ ಕತ್ತರಿಸಿ, ರಸ ಹೀರಲೆಂದು ಹಣ್ಣನ್ನು ನನ್ನ ಕೈಗಿಟ್ಟಳು. "ಮೂರನೇ ವಾರ ಅದು ವಿಮಾನ ಹತ್ತಲ್ಲ ಅಂತ ಹಟ ಮಾಡ್ತಲ್ಲ, ಆಗ ಸ್ವಲ್ಪ ಸಮಾಧಾನ ಆಯ್ತು. ಟೀಚರ್ ಒಳಗೆ ಯಾರೋ ನನ್ನ ಕಡೆಯೋರು ಇದಾರೆ ಅಂತ."

ಕಿತ್ತಳೆ ಹುಳಿಯಾಗಿತ್ತು. ಪೂರ್ತಿ ಹೀರಿದೆ.

೧೦

ಹಾಗಾದರೆ ಅಂತ್ಯ. ಕೆಲವು ಇವೆ, ಆರಿಸಿಕೊಳ್ಳಿ.

ಒಂದು: ಲಕೋಟೆಯಲ್ಲಿ ನಾನು ಓದದೇ ಬಿಟ್ಟ ಎರಡನೇ ಪುಟವಿದೆ. ಅದರಲ್ಲಿ 'ನಿಮ್ಮ ಕಥೆಗಾರ್ತಿಯನ್ನೂ ಕರೆತನ್ನಿ' ಎಂದಿದೆ. ನಾವಿಬ್ಬರೂ ಒಂದೇ ಥಾನಿನ ಬಟ್ಟೆ ಹೊಲಿಸಿಕೊಂಡು ವಿಮಾನ ಹತ್ತುತ್ತೇವೆ. ಇದನ್ನು ಬರೆದಾಗ ಚೆಚೆ ಚಿಪ್ಪು ಅಲುಗಾಡುವಷ್ಟು ನಕ್ಕ. ಎರಡನೇ ಪುಟ ಇಲ್ಲ. ನಾಲ್ಕು ಸಲ ನೋಡಿದ್ದೇನೆ.

ಇನ್ನೊಂದು: ನಾನು ಕಣ್ಣೀರಿಡುತ್ತ ಕ್ಷಮೆ ಕೇಳುತ್ತೇನೆ, ಅವಳು ತಬ್ಬಿಕೊಳ್ಳುತ್ತಾಳೆ, ಹೊಟ್ಟೆಕಿಚ್ಚು ಹೋಗುತ್ತದೆ. ಕ್ಷಮೆ ಕೇಳಿದ್ದು ನಿಜ. "ಸರಿ, ಬರೀರಿ" ಎಂದಳು. ಹೊಟ್ಟೆಕಿಚ್ಚು ಹೋಗಿಲ್ಲ. ಜಾಗ ಬದಲಾಯಿಸಿದೆ, ಅಷ್ಟೇ.

ಯಾಕೆಂದರೆ ಮೂರನೆಯದು ಹೀಗಿದೆ: ಕಾಗದ ಓದಿ ಹೇಳುತ್ತೇನೆ. ಉತ್ತರ ಬರೆಯುತ್ತೇನೆ. ಅವಳು ಕೆಳಗೆ ತನ್ನ ಐದು ಅಕ್ಷರ ಬರೆಯುತ್ತಾಳೆ. ಹೋಗುತ್ತಾಳೆ. ಆ ಚಳಿಯೂರಿನಲ್ಲಿ, ಉಣ್ಣೆಯ ಕೋಟು ಹಾಕಿಕೊಂಡು, ಬೇರೆ ಯಾರೋ ಒಬ್ಬ ಕಥೆಗಾರ್ತಿಯ ಕಿಟಕಿ ಕೆಳಗೆ ಕೂರುತ್ತಾಳೆ. ಆಕೆ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆಂದು ಕಿವಿಗೊಟ್ಟು ಕೇಳುತ್ತಾಳೆ. ಹನ್ನೆರಡು ದಿನ ಆಕೆಯನ್ನು ತಡೆಯುತ್ತಾಳೆ.

ಮನ್ಸಾಳ ಮೇಲೆ ನನಗೆ ಇದ್ದದ್ದು ಸಣ್ಣ ಹೊಟ್ಟೆಕಿಚ್ಚು, ಈಗ ಗೊತ್ತಾಗುತ್ತಿದೆ. ಇನ್ನೂ ನೋಡಿರದ, ಹೆಸರೂ ಗೊತ್ತಿಲ್ಲದ ಆ ಹೆಂಗಸಿನ ಮೇಲೆ ಆಗುತ್ತಿರುವುದು ದೊಡ್ಡದು. ಈ ಸಾಲನ್ನೂ ಗಟ್ಟಿಯಾಗಿ ಓದಿದ್ದೇನೆ. ಮನ್ಸಾ ಕೊನೆಯ ಕಿತ್ತಳೆ ಹೆರೆದು ಮುಗಿಸಿದಳು. ಸಿಪ್ಪೆಗಳನ್ನು ಒಂದು ಕಡೆ ಗುಡ್ಡೆ ಮಾಡಿದಳು.

"ಮುಗೀತಾ ಟೀಚರ್?"

"ಇನ್ನೊಂದು ಸಾಲು."

"ಆವಾಗ್ನಿಂದ ಇದೇ ಹೇಳ್ತಿದೀರಿ. ಮೇಕೆ ಎಲ್ಲಿದೆ?"

"ಮೆಟ್ಟಿಲ ಹತ್ರ."

"ಹತ್ತಿಸಿ. ಅದಕ್ಕೂ ಕಾಲು ನೋಯುತ್ತೆ."

ಮೇಕೆಗೆ ನಾಲ್ಕು ಕಾಲಿರುವುದು ನನ್ನ ಪುಣ್ಯ. ಬರೆಯುತ್ತೇನೆ. ಪೊಂಚಿ ಮೊದಲ ಕಾಲನ್ನು ಮೆಟ್ಟಿಲ ಮೇಲಿಟ್ಟಳು. ಕೆಳಗೆ ನಿಂತಿದ್ದ ಚೆಚೆ "ಕೋಟಿನ ಗುಂಡಿ ಹಾಕ್ಕೋ, ಅಲ್ಲಿ ಗಾಳಿ ಜಾಸ್ತಿ" ಎಂದ. ಪೊಂಚಿ ಎರಡನೇ ಕಾಲಿಟ್ಟಳು. "ಕಾಗದ ಬರೀತೀನಿ" ಎಂದಳು. "ನಿನಗೆ ಬರೆಯೋಕೆ ಬರಲ್ಲ" ಎಂದ ಚೆಚೆ. "ನನ್ನ ಹೆಸರು ಬರೀತೀನಿ, ಅಷ್ಟು ಸಾಕಲ್ಲ" ಎಂದಳು. ಮೂರನೇ ಕಾಲಿಟ್ಟಳು.

ನಾಲ್ಕನೇ ಕಾಲು ಇನ್ನೂ ನೆಲದ ಮೇಲಿದೆ. ಮನ್ಸಾ ಚಾಕು ಕೆಳಗಿಟ್ಟು ಕೈ ಒರೆಸಿಕೊಂಡಿದ್ದಾಳೆ, ಮುಂದಕ್ಕೆ ಬಾಗಿ ಕೂತಿದ್ದಾಳೆ.

ಇಲ್ಲಿ ನಾನು ಉಸಿರು ತೆಗೆದುಕೊಳ್ಳುತ್ತೇನೆ.